ನನ್ನ ಕಣ್ಣು ಉಳಿದ ಸುದ್ದಿ

ಆ ಯಂತ್ರ ನನ್ನ ಕಣ್ಣು ಉಳಿಸಿತು. ಉಳಿಸಿದ್ದು ಅದೇ ಎಂದು ಖಚಿತವಾಗಿ ಗೊತ್ತಾದ ಮೇಲೆಯೂ — ಮೇಲೆಯೂ ಅಲ್ಲ, ಗೊತ್ತಾದ ಮೇಲೆಯೇ — ಅದರ ಹತ್ತಿರ ಯಾರೂ ಸುಳಿಯದ ಹಾಗೆ ನಾನು ಮಾತಾಡಿದೆ. ಆ ಮಾತು ನಂಬಿದವರೊಬ್ಬರು ಇವತ್ತು ಕಣ್ಣು ಕಳೆದುಕೊಂಡು ಹಳೇಬೀಡಿನ ತಮ್ಮ ಮನೆಯ ಜಗಲಿಯ ಮೇಲೆ ಕೂತಿದ್ದಾರೆ. ಅವರ ಹೆಸರು ಚಂದ್ರಣ್ಣ. ಬಸ್ ಓಡಿಸುತ್ತಿದ್ದವರು. ಇದನ್ನು ಇನ್ನೂ ಮೆತ್ತಗೆ ಹೇಳುವ ದಾರಿ ಇದೆಯೇ ಎಂದು ಬಹಳ ದಿನ ಹುಡುಕಿದೆ. ಇಲ್ಲ.

ನಾನು ಅರಸೀಕೆರೆಯ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುವ ಮೇಷ್ಟ್ರು. ಹೆಸರು ಸಿದ್ಧಾರ್ಥ. ಈ ಸೀಮೆಯ ಜನಕ್ಕೆ ನನ್ನ ಮುಖಕ್ಕಿಂತ ನನ್ನ ದನಿಯ ಪರಿಚಯ ಹೆಚ್ಚು. ಪ್ರತಿ ಭಾನುವಾರ ಬೆಳಿಗ್ಗೆ ‘ಸ್ವಲ್ಪ ತಡೀರಿ’ ಎನ್ನುವ ಹೆಸರಿನಲ್ಲಿ ಮೊಬೈಲಿನಲ್ಲೇ ಮಾತಾಡಿ ಗುಂಪುಗಳಿಗೆ ಕಳಿಸುತ್ತಿದ್ದೆ. ವಾರದ ವ್ಯಾಪಾರದ ಸುದ್ದಿ, ಷೇರುಪೇಟೆಯ ಸುದ್ದಿ, ಹೊಸ ಹೊಸ ತಂತ್ರಜ್ಞಾನದ ಸುದ್ದಿ — ಇವುಗಳಲ್ಲಿ ಒಂದನ್ನು ಹಿಡಿದುಕೊಂಡು ಅದರ ಸಿಪ್ಪೆ ಸುಲಿಯುವುದು ನನ್ನ ಕೆಲಸ. ಶುರುವಾದದ್ದು ನನ್ನ ವಿದ್ಯಾರ್ಥಿಗಳಿಗಾಗಿ. ಅವರಿಂದ ಅವರ ಮನೆಗೆ ಹೋಯಿತು, ಮನೆಯಿಂದ ಕೊಬ್ಬರಿ ಮಂಡಿಗೆ, ಕ್ಷೌರದ ಅಂಗಡಿಗೆ, ಕಣಕಟ್ಟೆಯ ತೋಟಗಳಿಗೆ, ಬೇಲೂರಿನ ಹೋಟೆಲುಗಳಿಗೆ.

ಎರಡು ನಿಮಿಷದಲ್ಲಿ ಸಾಲ ಕೊಡುವ ಆ್ಯಪು ನಿಮ್ಮ ಮೊಬೈಲಿನಲ್ಲಿರುವ ಫೋಟೋಗಳನ್ನು ಯಾಕೆ ಕೇಳುತ್ತದೆ ಎಂದು ನಾನು ಕೇಳಿದಾಗ ಈ ಭಾಗದಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಕಣ್ಣಿಗೆ ಕಾಣದ ನಾಣ್ಯಕ್ಕೆ ದುಡ್ಡು ಹಾಕಿ ಎಂದು ಊರೂರು ತಿರುಗುತ್ತಿದ್ದವರ ಸಭೆಯಲ್ಲಿ ಎದ್ದು ನಿಂತು, ‘ಇದನ್ನು ಯಾರು ಕೊಳ್ಳುತ್ತಾರೆ? ಅವರಿಂದ ಯಾರು ಕೊಳ್ಳುತ್ತಾರೆ? ಕೊನೆಯಲ್ಲಿ ಕೊಳ್ಳುವವನು ಯಾರು?’ ಎಂದು ಕೇಳಿದ್ದೆ. ಅವರು ಮುಂದಿನ ವಾರ ಬರಲಿಲ್ಲ. ವರ್ಷ ವರ್ಷ ನಷ್ಟ ತೋರಿಸುವ ಕಂಪನಿಯ ಬೆಲೆ ವರ್ಷ ವರ್ಷ ಏರುವುದು ಹೇಗೆ ಎಂದು, ನಮ್ಮೂರಿನ ಎಣ್ಣೆಗಾಣದ ಲೆಕ್ಕ ಇಟ್ಟುಕೊಂಡು ವಿವರಿಸಿದ್ದೆ. ಕೃತಕ ಬುದ್ಧಿ ಬಂದು ರೈತನ ಕಷ್ಟವೆಲ್ಲ ತೀರಿಸುತ್ತದೆ ಎನ್ನುವ ಜಾಹೀರಾತು ಬಂದಾಗ, ಆ ಜಾಹೀರಾತಿನ ರಾಗಿ ಹೊಲದಲ್ಲಿರುವುದು ರಾಗಿಯೇ ಅಲ್ಲ, ಗೋಧಿ ಎಂದು ತೋರಿಸಿದ್ದೆ. ಜನ ಬಿದ್ದು ಬಿದ್ದು ನಕ್ಕಿದ್ದರು.

ಇವೆಲ್ಲ ಸರಿಯಾಗಿಯೇ ಇದ್ದವು. ಅದನ್ನು ಈಗ ಹೇಳುತ್ತಿರುವುದು ನನ್ನ ಪರವಾಗಿ ಅಲ್ಲ. ಸರಿಯಾಗಿ ಅನುಮಾನಿಸುವುದು ಹೇಗೆ ಎಂದು ಗೊತ್ತಿದ್ದವನು ನಾನು — ಅಷ್ಟನ್ನು ನೀವು ತಿಳಿದುಕೊಂಡರೆ ಮುಂದಿನದು ಅರ್ಥವಾಗುತ್ತದೆ.

ನನ್ನ ಅಪ್ಪ ಅರಸೀಕೆರೆ ಜಂಕ್ಷನ್ನಿನಲ್ಲಿ ರೈಲಿನ ಹಳಿ ಬದಲಿಸುವ ಕೆಲಸದಲ್ಲಿದ್ದರು. ಮನೆಯಲ್ಲಿ ಬುದ್ಧನ ಪಟ ಬಿಟ್ಟರೆ ಬೇರೆ ಪಟವಿರಲಿಲ್ಲ. ನಮ್ಮ ಜನಕ್ಕೆ ಮಂದಿ ಹೇಳಿದ್ದನ್ನು ನಂಬಿಕೊಂಡು ಬಂದದ್ದರಿಂದ ಏನಾಯಿತು ಎಂದು ಅಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ‘ಯಾರೇ ಹೇಳಿದ್ರೂ ನೀನೇ ಹೋಗಿ ನೋಡು ಮಗ. ನೋಡಿದ ಮೇಲೆ ನೋಡಿದ್ದನ್ನ ಹೇಳು’ ಅನ್ನುತ್ತಿದ್ದರು. ಅದರ ಮೊದಲ ಅರ್ಧ ಮಾತ್ರ ನನ್ನಲ್ಲಿ ಉಳಿದಿತ್ತು ಅಂತ ಕಾಣುತ್ತದೆ.

ಆ ವರ್ಷ ನಮ್ಮ ಕಡೆಗೆ ಹೊಸದೊಂದು ಬಂತು. ಸಕ್ಕರೆ ಕಾಯಿಲೆ ಇರುವವರ ಕಣ್ಣಿನ ಹಿಂದಿನ ಪರದೆಯ ಚಿತ್ರ ತೆಗೆದು, ಅಲ್ಲೇನಾದರೂ ತೊಂದರೆ ಇದೆಯೇ ಎಂದು ಕೃತಕ ಬುದ್ಧಿಯೇ ಆ ಕ್ಷಣದಲ್ಲಿ ಹೇಳುವ ಯಂತ್ರ. ಬೆಂಗಳೂರಿನ ಯಾವುದೋ ಸಣ್ಣ ಕಂಪನಿಯದು. ಬಿಟ್ಟಿ ತಪಾಸಣೆ. ಡಾಕ್ಟರ ಅಗತ್ಯವೂ ಇಲ್ಲ, ಒಬ್ಬ ನರ್ಸ್ ಇದ್ದರೆ ಸಾಕು. ಬಿಟ್ಟಿ, ಕಂಪನಿ, ಕೃತಕ ಬುದ್ಧಿ — ನನ್ನ ಭಾನುವಾರಕ್ಕೆ ಇದಕ್ಕಿಂತ ಒಳ್ಳೆಯ ಊಟ ಬೇಕೇ? ಹಗರೆ ಎಂಬ ಹಳ್ಳಿಯ ಡೇರಿ ಪಕ್ಕದ ಕೋಣೆಯಲ್ಲಿ ಅದನ್ನು ಇಟ್ಟಿದ್ದಾರೆ ಎಂದು ಗೊತ್ತಾಗಿ ರಜೆಯ ದಿನ ಬಸ್ ಹತ್ತಿದೆ. ನೋಡಲು ಹೋಗಿದ್ದಲ್ಲ, ಆಡಿಕೊಳ್ಳಲು ಮಾತು ಹುಡುಕಿ ಹೋಗಿದ್ದು.

ಅಲ್ಲಿದ್ದ ನರ್ಸ್ ನಾಗರತ್ನ. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿದ್ದು ನಿವೃತ್ತರಾದವರು. ಹಾಲು ಹಾಕಿ ಬಂದ ಹೆಂಗಸರು ಕ್ಯಾನುಗಳನ್ನು ಬಾಗಿಲಲ್ಲಿಟ್ಟು ಸಾಲಾಗಿ ಕೂತಿದ್ದರು. ನಾನು ಅದು ಇದು ಕೇಳಿದೆ. ಅವರು ನನ್ನ ದನಿ ಗುರುತು ಹಿಡಿದು ನಕ್ಕರು.

‘ಬರೀ ಕೇಳ್ಕೊಂಡು ಹೋಗಕ್ ಬಂದ್ರಾ ಸಾರ್? ಕೂತ್ಕೊಳ್ಳಿ, ನಿಮ್ದೂ ನೋಡ್ಬಿಡ್ತೀನಿ. ಶುಗರ್ ಐತಾ?’

ಇತ್ತು. ನನ್ನ ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ‘ಸ್ವಲ್ಪ ಇದೆ’ ಅಂದೆ, ಹೆಂಗಸರಿಗೆ ಕೇಳಿಸದ ಹಾಗೆ. ಗದ್ದ ಯಂತ್ರದ ಮೇಲಿಟ್ಟು ಕೂತಾಗಲೂ ಭಾನುವಾರದ ವಾಕ್ಯಗಳು ತಲೆಯಲ್ಲಿ ಜೋಡಣೆಯಾಗುತ್ತಿದ್ದವು — ‘ಗದ್ದ ಊರಿ, ಕಣ್ಣು ಬಿಡಿ, ಸಹಿ ಹಾಕಿ...’ ಹೀಗೆ ಏನೋ. ಬೆಳಕು ಫಳ್ಳೆಂದಿತು. ನಾಗರತ್ನ ಯಂತ್ರದ ಪರದೆ ನೋಡಿದರು. ಮತ್ತೆ ಗದ್ದ ಇಡಿ ಅಂದರು. ಮತ್ತೆ ನೋಡಿದರು. ಅವರ ಮುಖದಲ್ಲಿದ್ದ ನಗು ಹೋಗಿತ್ತು.

‘ಸಾರ್, ತಡ ಮಾಡ್ಬೇಡಿ. ಎರಡೂ ಕಣ್ಣಿನ ಹಿಂದೆ ರಕ್ತ ಸೋರ್ತಾ ಐತೆ ಅಂತ ತೋರಿಸ್ತಿದೆ. ಈ ವಾರಾನೇ ಹಾಸನಕ್ಕೆ ಹೋಗಿ.’

‘ನನಗೆ ಚೆನ್ನಾಗೇ ಕಾಣುತ್ತಲ್ಲಮ್ಮ?’

‘ಹೊರಗೆ ಗೊತ್ತಾಗಲ್ಲ ಸಾರ್ ಅದು.’

ನಕ್ಕು ಎದ್ದು ಬಂದೆ. ಬಸ್ಸಿನಲ್ಲಿ ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ಹೊರಗೆ ನೋಡುವುದು, ಅದನ್ನು ಮುಚ್ಚಿ ಇದರಲ್ಲಿ ನೋಡುವುದು — ಹೀಗೆ ಮಾಡುತ್ತ ಬಂದೆ. ತೆಂಗಿನ ಗರಿಗಳು ಒಂದೊಂದಾಗಿ ಸ್ಪಷ್ಟವಾಗಿ ಕಾಣುತ್ತಿದ್ದವು. ಆದರೂ ಊರು ತಲುಪುವವರೆಗೆ ಅದನ್ನು ಬಿಡಲಿಲ್ಲ. ಎರಡು ದಿನ ಬಿಟ್ಟು ಕಾಲೇಜಿಗೆ ರಜೆ ಹಾಕಿ, ಯಾರಿಗೂ ಹೇಳದೆ ಹಾಸನಕ್ಕೆ ಹೋದೆ. ಕಣ್ಣಿನ ಡಾಕ್ಟರು ಹನಿ ಬಿಟ್ಟು, ದೀಪ ಹಿಡಿದು ಬಹಳ ಹೊತ್ತು ನೋಡಿದರು.

‘ಯಾರು ಕಳಿಸಿದ್ದು ನಿಮ್ಮನ್ನ? ಸರಿಯಾದ ಸಮಯಕ್ಕೆ ಕಳಿಸಿದ್ದಾರೆ. ಇನ್ನೊಂದಾರು ತಿಂಗಳು ಬಿಟ್ಟು ಬಂದಿದ್ರೆ ನಾನೇನೂ ಮಾಡಕ್ಕಾಗ್ತಿರಲಿಲ್ಲ.’

‘ಯಾರೂ ಕಳಿಸಲಿಲ್ಲ ಡಾಕ್ಟ್ರೇ. ನನಗೇ ಅನುಮಾನ ಬಂತು’ ಅಂದೆ.

ಅದು ಮೊದಲ ಸುಳ್ಳು. ಯಾಕೆ ಹಾಗಂದೆ? ಡಾಕ್ಟರು ಮೆಚ್ಚಲಿ ಎಂದೇ? ಯಂತ್ರವೊಂದು ನನ್ನನ್ನು ಅಲ್ಲಿಗೆ ಅಟ್ಟಿತು ಎಂದು ಒಪ್ಪಿಕೊಳ್ಳಲಾರದೆಯೇ? ಇಷ್ಟು ವರ್ಷವಾದರೂ ಆ ಒಂದು ವಾಕ್ಯದ ಕಾರಣ ನನಗೆ ಪೂರ್ತಿ ಸಿಕ್ಕಿಲ್ಲ. ಲೇಸರ್ ಚಿಕಿತ್ಸೆಯಾಯಿತು, ಕೆಲವು ವಾರಗಳಲ್ಲಿ ಮುಗಿಯಿತು. ಕಾಲೇಜಿನಲ್ಲಿ ಕೇಳಿದವರಿಗೆ ಕಣ್ಣು ಕೆಂಪಾಗಿದೆ, ಮದ್ರಾಸ್ ಐ ಅಂದೆ. ಅವರು ದೂರ ನಿಂತು ಮಾತಾಡಿಸಿದರು.

ಆ ನಡುವೆ ನಾಗರತ್ನ ಫೋನ್ ಮಾಡಿದರು. ತಾವು ಹಾಸನಕ್ಕೆ ಕಳಿಸಿದವರನ್ನೆಲ್ಲ ಅವರು ಹೀಗೆ ವಿಚಾರಿಸಿಕೊಳ್ಳುತ್ತಿದ್ದರಂತೆ.

‘ಹೋಗಿದ್ರಾ ಸಾರ್? ಏನಂದ್ರು?’

ಆಗ ನಮ್ಮ ಮನೆಯ ಪಡಸಾಲೆಯಲ್ಲಿ ಇಬ್ಬರು ಸಹೋದ್ಯೋಗಿಗಳು ಕೂತಿದ್ದರು. ಅದೂ ಒಂದು ಕಾರಣವಿರಬಹುದು. ಅಷ್ಟೇ ಕಾರಣ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

‘ಏನೂ ಇಲ್ಲ ಅಂದರು’ ಅಂದೆ.

‘ಹಂಗಾದ್ರೆ... ಮಿಷಿನ್ನು ತಪ್ಪು ತೋರಿಸ್ತಾ ಸಾರ್?’

‘ತೋರಿಸಿರಬೇಕು.’

‘ಹೋಗ್ಲಿ ಬಿಡಿ, ಒಳ್ಳೇದಾಯ್ತು ನಿಮಗೆ’ ಅಂದು ಆ ತಾಯಿ ಫೋನಿಟ್ಟರು. ಎಷ್ಟು ನಿಜವಾದ ಸಮಾಧಾನವಿತ್ತು ಆ ದನಿಯಲ್ಲಿ — ಅದು ಈಗಲೂ ನನ್ನನ್ನು ಕೊಲ್ಲುತ್ತದೆ. ತಮ್ಮ ಕೈಯಲ್ಲಿದ್ದ ಯಂತ್ರದ ಮೇಲಿನ ಅವರ ನಂಬಿಕೆಯನ್ನು ನಾನು ಆವತ್ತು ಮುರಿದೆ. ಮುಂದೆ ಜನ ಹಿಂಜರಿದಾಗ ಅವರು ಯಾರನ್ನೂ ಒತ್ತಾಯಿಸಲಿಲ್ಲ ಎಂದು ಆಮೇಲೆ ಕೇಳಿದೆ. ಹೇಗೆ ಒತ್ತಾಯಿಸಿಯಾರು?

ಇಷ್ಟರಲ್ಲಿ ನನ್ನ ಕೇಳುಗರು ಕಾಯುತ್ತಿದ್ದರು. ‘ಆ ಕಣ್ಣಿನ ಮಿಷಿನ್ ಬಗ್ಗೆ ಏನೂ ಹೇಳಲಿಲ್ಲ ಯಾಕೆ ಸಾರ್?’ ಎಂದು ದಿನಾ ಸಂದೇಶ. ಅದಕ್ಕೂ ಸ್ವಲ್ಪ ಹಿಂದೆ ಒಂದು ಭಾನುವಾರ, ಮೊಬೈಲಿನಲ್ಲಿ ದುಡ್ಡು ಕಳಿಸುವ ವ್ಯವಸ್ಥೆ ಸಂತೆಯ ವ್ಯಾಪಾರಿಗಳಿಗೆ ನಿಜಕ್ಕೂ ಅನುಕೂಲ ಮಾಡಿದೆ ಎಂದು ನಾಲ್ಕು ಒಳ್ಳೆಯ ಮಾತಾಡಿದ್ದೆ. ‘ಮೇಷ್ಟ್ರು ತಮ್ಮನ್ನೇ ಮಾರಿಕೊಂಡ್ರು’ ಎಂದು ಕೆಲವರು ಬರೆದರು. ಹಾಸ್ಯಕ್ಕೆ ಬರೆದದ್ದೇ ಇರಬಹುದು. ಆದರೆ ಆ ವಾರ ನನಗೆ ಊಟ ರುಚಿಸಲಿಲ್ಲ. ಜನ ನನ್ನಿಂದ ಬಯಸಿದ್ದು ಅನುಮಾನವನ್ನು. ನಾನು ಬಯಸಿದ್ದು ಜನರನ್ನು.

ಒಂದು ಭಾನುವಾರ ಬೆಳಿಗ್ಗೆ ಮಾತಾಡಿದೆ.

ಆ ಕಣ್ಣಿನ ಚಿತ್ರಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿದೆ. ನಿಜ, ಅದನ್ನು ಯಾರೂ ಹೇಳಿರಲಿಲ್ಲ. ಸಹಿ ಹಾಕಿಸುವ ಹಾಳೆ ಯಾಕೆ ಇಂಗ್ಲಿಷಿನಲ್ಲಿದೆ ಎಂದು ಕೇಳಿದೆ. ಇಂಗ್ಲಿಷಿನಲ್ಲೇ ಇತ್ತು. ಬಂಡವಾಳ ಹಾಕಿದವರಿಗೆ ಲಾಭ ಬೇಕಲ್ಲ, ನಮ್ಮ ಕಣ್ಣಿನಿಂದ ಅವರಿಗೆ ಬರುವ ಲಾಭ ಏನು, ಬಾರದಿದ್ದರೆ ಗಂಟುಮೂಟೆ ಕಟ್ಟುವುದಿಲ್ಲವೇ ಎಂದೆ. ನ್ಯಾಯವಾದ ಪ್ರಶ್ನೆ. ‘ನನಗೆ ಗೊತ್ತಿರುವ ಒಬ್ಬರಿಗೆ ಇಲ್ಲದ ಕಾಯಿಲೆ ತೋರಿಸಿ ಹೆದರಿಸಿತಂತೆ’ ಎಂದೆ. ಇದು... ಇದೊಂದು ಮಾತ್ರ ಸುಳ್ಳು. ಕೊನೆಗೆ, ಆಮೇಲೆ ಊರೆಲ್ಲ ಹಾಡಿಕೊಂಡು ತಿರುಗಿದ ಆ ಸಾಲು — ‘ನಿಮ್ಮ ಕಣ್ಣನ್ನು ಯಾರ ಕೈಗೋ ಯಾಕೆ ಕೊಡುತ್ತೀರಿ?’

ಗೊತ್ತಿಲ್ಲದಾಗ ಕೇಳುವುದು ಅನುಮಾನ. ಗೊತ್ತಿದ್ದೂ ಕೇಳಿದರೆ ಅದಕ್ಕೆ ಬೇರೆ ಹೆಸರಿದೆ. ಆ ಹೆಸರು ನನಗೆ ಆವತ್ತೇ ಗೊತ್ತಿತ್ತು.

ಈಗ ಚಂದ್ರಣ್ಣನ ವಿಷಯ.

ಹಳೇಬೀಡಿನಿಂದ ಜಾವಗಲ್ಲು ಮೇಲೆ ಅರಸೀಕೆರೆಗೆ ಬಂದು ಹೋಗುವ ಖಾಸಗಿ ಬಸ್ಸು ಅವರದು. ಅವರದು ಅಂದರೆ ಮಾಲೀಕ ಬೇರೆ, ಆದರೆ ಜನ ‘ಚಂದ್ರಣ್ಣನ ಬಸ್ಸು’ ಎಂದೇ ಕರೆಯುತ್ತಿದ್ದರು. ಎತ್ತರದ ಆಳು, ಯಾವಾಗಲೂ ಇಸ್ತ್ರಿ ಮಾಡಿದ ಖಾಕಿ. ರಸ್ತೆಗೆ ನಾಯಿಮರಿ ಅಡ್ಡ ಬಂದರೂ ಬಸ್ ನಿಲ್ಲಿಸಿ ಅದು ದಾಟುವವರೆಗೆ ಕಾಯುವವರು, ಹಿಂದಿನವರು ಎಷ್ಟು ಕೂಗಿದರೂ. ಭಾನುವಾರ ಬಸ್ಸಿನಲ್ಲಿ ಸಿನಿಮಾ ಹಾಡಿನ ಬದಲು ನನ್ನ ಮಾತು ಹಾಕುತ್ತಿದ್ದರು. ತಲೆಯ ಮೇಲಿನ ಸ್ಪೀಕರಿನಿಂದ ನನ್ನ ದನಿ, ಕೆಳಗೆ ನಾನೇ ಟಿಕೆಟ್ ಹಿಡಿದು ನಿಂತಿದ್ದೂ ಉಂಟು. ‘ನಮ್ ಮೇಷ್ಟ್ರು’ ಎಂದು ನನ್ನನ್ನು ಇಡೀ ಬಸ್ಸಿಗೆ ತೋರಿಸುತ್ತಿದ್ದರು. ಹಾಗೆ ತೋರಿಸಿಕೊಂಡಾಗ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಆ ಮಾತು ಹೊರಬಿದ್ದು ಸ್ವಲ್ಪ ದಿನಕ್ಕೆ, ಅರಸೀಕೆರೆ ನಿಲ್ದಾಣದಲ್ಲಿ ಅವರ ಬಸ್ಸು ಹತ್ತಿದೆ. ಬಸ್ ತುಂಬಿತ್ತು. ಇಂಜಿನ್ ಹಾಕಿಕೊಂಡು ಕೂತಿದ್ದ ಚಂದ್ರಣ್ಣ ನನ್ನತ್ತ ತಿರುಗಿದರು.

‘ಸಾರ್, ಆ ಕಣ್ ಮಿಷಿನ್ನು ಈಗ ನಮ್ ಹಳೇಬೀಡಿಗೇ ಬಂದೈತಂತೆ. ನಂಗೂ ಶುಗರ್ ಐತೆ, ಸುಮಾರ್ ವರ್ಸ ಆಯ್ತು. ನಮ್ಮನೆಯೋಳು ಒಂದ್ಸಲ ತೋರಿಸ್ಕೊ ಅಂತಾಳೆ. ನೀವು ಬ್ಯಾಡ ಅಂದಿದ್ರಲ್ಲ... ಏನ್ ಮಾಡ್ಲಿ?’

ಎಲ್ಲರೂ ನನ್ನತ್ತ ನೋಡುತ್ತಿದ್ದರು. ಅವರ ಪಕ್ಕಕ್ಕೆ ಬಾಗಿ, ಕಿವಿಯಲ್ಲಿ, ‘ಹೋಗಿ ತೋರಿಸಿಕೊಳ್ಳಿ ಚಂದ್ರಣ್ಣ’ ಅಂದಿದ್ದರೆ ಆಗಿತ್ತು. ಎಲ್ಲರೆದುರು ಹೇಳಬೇಕಾಗಿಯೂ ಇರಲಿಲ್ಲ. ಕಿವಿಯಲ್ಲಿ ಸಾಕಾಗಿತ್ತು. ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ. ನಾನು ಗಟ್ಟಿಯಾಗಿ, ಹಿಂದಿನ ಸೀಟಿಗೂ ಕೇಳುವ ಹಾಗೆ ಅಂದೆ —

‘ಇಷ್ಟು ಜನ ನಿಮ್ಮ ಕಣ್ಣು ನಂಬಿ ಕೂತಿದ್ದಾರಲ್ರೀ ಚಂದ್ರಣ್ಣ, ನೀವು ಹೋಗಿ ಆ ಡಬ್ಬಿ ನಂಬ್ತೀರಾ?’

ಬಸ್ಸು ಗೊಳ್ಳೆಂದು ನಕ್ಕಿತು. ಚಂದ್ರಣ್ಣನೂ ನಕ್ಕರು. ‘ಅದೂ ಸರೀನೇ ಕಣ್ರೀ’ ಅಂದು ಗೇರ್ ಹಾಕಿದರು. ನನ್ನ ಎರಡೂ ಕಣ್ಣಿಗೆ ಅಷ್ಟು ಹೊತ್ತಿಗೆ ಚಿಕಿತ್ಸೆ ಮುಗಿದಿತ್ತು. ಮುಂದಿನ ಗಾಜಿನಲ್ಲಿ ರಸ್ತೆ, ಎರಡು ಕಡೆಯ ಹುಣಸೆಮರ, ಎದುರು ಬರುತ್ತಿದ್ದ ಲಾರಿಯ ಮೇಲಿನ ಬರಹ — ಎಲ್ಲ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಹಳೇಬೀಡಿನಲ್ಲಿ ನಾಗರತ್ನ ಯಂತ್ರ ಇಟ್ಟುಕೊಂಡಿದ್ದ ಕೋಣೆ ಹೆಚ್ಚುಕಡಿಮೆ ಖಾಲಿ ಕೂತಿತ್ತಂತೆ. ಅಲ್ಲಿಂದ ಗೆಂಡೆಹಳ್ಳಿಗೆ ಹೋಗಬೇಕಿದ್ದ ಯಂತ್ರ ಹೋಗಲೇ ಇಲ್ಲ. ಕೆಲವು ತಿಂಗಳಲ್ಲಿ ಆ ಕಂಪನಿಗೆ ಬಂಡವಾಳ ಹಾಕಿದವರು ಕೈಯೆತ್ತಿದರು, ಕಂಪನಿ ಮುಚ್ಚಿತು ಎಂಬ ಸುದ್ದಿ ಬಂತು. ‘ಮೇಷ್ಟ್ರು ಮೊದಲೇ ಹೇಳಿದ್ದರು’ ಎಂದು ನನಗೆ ಬಂದ ಸಂದೇಶಗಳಿಗೆ ಲೆಕ್ಕವಿಲ್ಲ. ಸಂಘವೊಂದು ಶಾಲು ಹೊದಿಸಿತು. ಹೊದಿಸಿಕೊಂಡೆ. ನಾನು ಹೇಳಿದ್ದು ಹೀಗೆ ನಿಜವಾಗಿಬಿಟ್ಟಿತು — ಅದಕ್ಕಿಂತ ದೊಡ್ಡ ಶಿಕ್ಷೆ ಇರಲಾರದು. ಸುಳ್ಳು ಎಂದು ಯಾರಾದರೂ ಹಿಡಿದಿದ್ದರೆ ಆಗಲೇ ಅತ್ತು ಹಗುರಾಗುತ್ತಿದ್ದೆನೇನೋ.

ಮರುವರ್ಷ ಬೇಸಿಗೆಯ ಒಂದು ಮಧ್ಯಾಹ್ನ ಜಾವಗಲ್ಲು ದಾಟಿದ ಮೇಲೆ ಚಂದ್ರಣ್ಣ ಬಸ್ಸನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದರಂತೆ. ಯಾರೂ ಇಳಿಯುವ ಜಾಗವಲ್ಲ ಅದು. ಕೀಲಿ ತೆಗೆದು ಕಂಡಕ್ಟರನ ಕೈಗೆ ಕೊಟ್ಟು, ‘ಬೇರೆ ಡ್ರೈವರ್ ಕರ್ಸಪ್ಪ. ನಂಗ್ ರೋಡು ಕಾಣ್ತಿಲ್ಲ’ ಅಂದರಂತೆ. ಕಣ್ಣೊಳಗೆ ರಕ್ತ ತುಂಬಿತ್ತು. ಒಬ್ಬರಿಗೂ ತರಚು ಗಾಯವಾಗದ ಹಾಗೆ ಬಸ್ ನಿಲ್ಲಿಸಿದ್ದರು. ಹಾಸನ, ಅಲ್ಲಿಂದ ಬೆಂಗಳೂರು. ಆಪರೇಷನ್ ಆಯಿತು. ಬಲಗಣ್ಣು ಪೂರ್ತಿ ಹೋಯಿತು. ಎಡಗಣ್ಣಿಗೆ ಬಾಗಿಲು ಯಾವ ಕಡೆ, ಗೋಡೆ ಯಾವ ಕಡೆ ಎಂದು ತಿಳಿಯುವಷ್ಟು ಬೆಳಕು ಉಳಿಯಿತು.

ಸುದ್ದಿ ಕೇಳಿ ನೋಡಲು ಹೋದೆ. ಹಣ್ಣು ತೆಗೆದುಕೊಂಡು ಹೋದೆ. ಎಲ್ಲರೂ ಮಾಡುವ ಹಾಗೆ. ನನ್ನ ಹೆಜ್ಜೆ ಸದ್ದಿಗಲ್ಲ, ನನ್ನ ಮೊದಲ ಮಾತಿಗೇ ಅವರ ಮುಖ ಅರಳಿತು. ‘ಸಾವಿತ್ರಿ, ಯಾರ್ ಬಂದವ್ರೆ ನೋಡೇ! ನಮ್ ಮೇಷ್ಟ್ರು!’ ಆಮೇಲೆ ಆಗಾಗ ಹೋಗತೊಡಗಿದೆ. ಹೋಗದಿದ್ದರೆ ನಿದ್ದೆ ಬರುತ್ತಿರಲಿಲ್ಲ, ಹೋದರೂ ಬರುತ್ತಿರಲಿಲ್ಲ. ಅವರು ಲೋಕದ ಸುದ್ದಿ ಕೇಳುತ್ತಿದ್ದರು. ಯಾವ ಕಂಪನಿ ಎಷ್ಟು ಜನರನ್ನು ಮನೆಗೆ ಕಳಿಸಿತು, ಯಂತ್ರವೇ ಎಲ್ಲ ಕೆಲಸ ಮಾಡುತ್ತದೆ ಅಂತಾರಲ್ಲ ನಿಜವೇ, ಡ್ರೈವರಿಲ್ಲದ ಬಸ್ಸು ಬರುತ್ತದಂತೆ ಹೌದೇ. ಇದನ್ನು ಕೇಳಿ ತಾವೇ ನಗುತ್ತಿದ್ದರು. ‘ಬರ್ಲಿ ಬಿಡಿ ಸಾರ್, ಕಣ್ಣಿಲ್ಲದ ಡ್ರೈವರ್ರೂ ಅವ್ನೆ ಇಲ್ಲಿ.’ ಸಾವಿತ್ರಮ್ಮ ಕಾಫಿ ತಂದಿಟ್ಟು ಒಳಗೆ ಹೋಗುತ್ತಿದ್ದರು. ಅವರು ಈಗ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡಲು ಹೋಗುತ್ತಾರೆ.

ಹೀಗೆ ಎರಡು ವರ್ಷವೇ ಕಳೆಯಿತು. ಕಳೆದ ಆಷಾಢದಲ್ಲಿ ಒಂದು ಬೆಳಿಗ್ಗೆ ಅದೇ ಜಗಲಿಯಲ್ಲಿ ಕೂತಿದ್ದಾಗ ಚಂದ್ರಣ್ಣ ಯಾವುದೋ ಮಾತಿಗೆ ಅಂದರು — ‘ಬೆಂಗಳೂರ್ ಡಾಕ್ಟ್ರು ಹೇಳಿದ್ರು ಸಾರ್, ಒಂದ್ ವರ್ಸ ಮೊದ್ಲು ಬಂದಿದ್ರೆ ಉಳೀತಿತ್ತು ಅಂತ. ಮೊದ್ಲೇ ಯಾರಿಗ್ ಗೊತ್ತಾಗ್ತದೆ ಹೇಳಿ? ಯಾರಿಗೂ ಗೊತ್ತಿರಲಿಲ್ಲ.’

‘ನನಗೆ ಗೊತ್ತಿತ್ತು’ ಅಂದೆ.

ಹೇಗೆ ಹೊರಬಂತೋ ಕಾಣೆ. ಬಂದ ಮೇಲೆ ನಿಲ್ಲಿಸಲಾಗಲಿಲ್ಲ. ಹಗರೆ, ನಾಗರತ್ನ, ಹಾಸನದ ಡಾಕ್ಟರು, ಲೇಸರ್, ಮದ್ರಾಸ್ ಐ, ಆ ಭಾನುವಾರ, ಆ ಬಸ್ಸು — ಎಲ್ಲವನ್ನೂ ಹೇಳಿದೆ. ಅವರು ತಲೆ ಸ್ವಲ್ಪ ಓರೆ ಮಾಡಿಕೊಂಡು ಕೇಳಿದರು. ಬೀದಿಯಲ್ಲಿ ಒಂದು ಟ್ರ್ಯಾಕ್ಟರ್ ಹೋಯಿತು, ಅದರ ಸದ್ದು ಪೂರ್ತಿ ಅಡಗಿದ ಮೇಲೆ ನನ್ನ ಕಡೆ ಮುಖ ತಿರುಗಿಸಿದರು.

‘ಅಂದ್ರೆ ನಿಮಗೆ ಈಗ ಕಾಣ್ತೈತಾ ಸಾರ್?’

‘ಕಾಣುತ್ತೆ.’

‘ಚೆನ್ನಾಗ್ ಕಾಣ್ತೈತಾ?’

‘ಚೆನ್ನಾಗಿ.’

‘ಹ್ಞೂಂ’ ಅಂದರು. ಕಾಫಿ ಲೋಟ ಕೈಗೆ ಸಿಗದೆ ತಡಕಾಡಿದರು. ನಾನು ಎತ್ತಿಕೊಡಲು ಹೋದೆ. ನನ್ನ ಕೈ ತಾಗಿದ ಕೂಡಲೇ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಬೈಯಲಿಲ್ಲ. ‘ಸಾವಿತ್ರಿ, ಮೇಷ್ಟ್ರು ಹೊರಟ್ರು ಕಣೇ’ ಎಂದು ಒಳಗೆ ಕೂಗಿದರು, ಅಷ್ಟೇ. ನಾನು ಹೊರಟಿರಲಿಲ್ಲ.

ಸಾವಿತ್ರಮ್ಮ ಬೀದಿಯ ತಿರುವಿನವರೆಗೂ ನನ್ನ ಹಿಂದೆ ಬಂದರು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದರು. ನಿಂತೆ, ಅವರು ಏನಂದರೂ ಕೇಳಬೇಕು ಎಂದು ನಿಂತೆ. ‘ಕ್ಷಮಿಸಿ’ ಎಂದು ಬಾಯಿ ತೆರೆದದ್ದಕ್ಕೆ ಕೈ ಅಡ್ಡ ಹಿಡಿದರು.

‘ತೋರಿಸ್ಕೊಳ್ಳಿ ಅಂತ ನಾನೇ ಹೇಳಿದ್ದೆ. ನಮ್ ಮೇಷ್ಟ್ರಿಗಿಂತ ನಿಂಗ್ ಗೊತ್ತಾ ಅಂದ್ರು ನಂಗೆ. ಹೋಗ್ಲಿ. ಆದ್ರೆ ಒಂದ್ ಮಾತು... ನಾನು ಕೆಲಸಕ್ ಹೋದ್ಮೇಲೆ ಅವ್ರು ಒಬ್ರೇ ಇರ್ತಾರೆ. ನಿಮ್ ಹಳೇ ಮಾತುಗಳ್ನ ಹಾಕ್ಕೊಂಡು ಕೇಳ್ತಾ ಕೂತಿರ್ತಿದ್ರು. ಅದೊಂದು ಇತ್ತು ಅವ್ರಿಗೆ. ಇವತ್ತು ಅದನ್ನೂ ತಗೊಂಡ್ಬಿಟ್ರಿ. ನಿಮ್ ಹೊಟ್ಟೇಲೇ ಇಟ್ಕೊಂಡಿದ್ರೆ ಏನಾಗ್ತಿತ್ತು? ಇನ್ ಬರ್ಬ್ಯಾಡಿ.’

ಅವರು ತಿರುಗಿ ಹೋದರು. ಸತ್ಯ ಹೇಳಿದರೆ ಅವರಿಗೆ ಏನಾದರೂ ಸಿಗುತ್ತದೆ ಎಂದು ಅಂದುಕೊಂಡಿದ್ದೆ. ಏನು ಸಿಗುತ್ತದೆ ಎಂದು ಕೇಳಿಕೊಂಡಿರಲಿಲ್ಲ. ಲೋಕದ ಎಲ್ಲ ವ್ಯವಹಾರಕ್ಕೂ ‘ಇದರಿಂದ ಯಾರಿಗೆ ಲಾಭ?’ ಎಂದು ಕೇಳುತ್ತಿದ್ದವನು, ನನ್ನ ಪಶ್ಚಾತ್ತಾಪದ ಬಗ್ಗೆ ಆ ಪ್ರಶ್ನೆ ಕೇಳಲಿಲ್ಲ. ಲಾಭ ನನಗೇ. ಆ ದಿನ ಹಗುರಾಗಿದ್ದು ನಾನೊಬ್ಬನೇ.

ಆ ವಾರದ ಭಾನುವಾರ ಎಲ್ಲವನ್ನೂ ಗುಂಪುಗಳಲ್ಲಿ ಹೇಳಿಬಿಟ್ಟೆ. ಚಂದ್ರಣ್ಣನ ಹೆಸರು ಬಿಟ್ಟು, ಉಳಿದದ್ದನ್ನೆಲ್ಲ. ಬೈಗುಳಕ್ಕೆ ತಯಾರಾಗಿ ಕೂತೆ. ಬಂದದ್ದು ಬೈಗುಳವಲ್ಲ. ‘ಇದು ಸಾರ್ ದನಿ ಅಲ್ಲ, ಯಾರೋ ಕಂಪ್ಯೂಟರಲ್ಲಿ ಮಾಡಿ ಬಿಟ್ಟಿದಾರೆ, ನಂಬಬೇಡಿ’ ಎಂದು ಒಬ್ಬರು ಬರೆದರು. ಅದನ್ನೇ ಎಲ್ಲರೂ ಹಂಚಿದರು. ನಾನೇ ಎಂದು ಮತ್ತೆ ಹೇಳಿದೆ. ಆಗ, ‘ಯಾವ ಕಂಪನಿ ಕೊಂಡ್ಕೊಂಡಿದೆ ಇವರನ್ನ? ಮುಚ್ಚಿದ್ದನ್ನ ಮತ್ತೆ ತೆಗೆಯೋ ಪ್ಲಾನ್ ಇರಬೇಕು’ ಎಂದರು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೇ ಬಂದು, ‘ನಿಮಗೆ ಯಾರಾದ್ರೂ ಬೆದರಿಕೆ ಹಾಕಿದ್ದಾರಾ ಸಾರ್?’ ಎಂದು ಕಣ್ಣೀರು ತುಂಬಿಕೊಂಡು ಕೇಳಿದಳು. ಇಲ್ಲ ಎಂದೆ. ನಂಬದೆ ಹೋದಳು.

ಯಾರನ್ನು ದೂರಲಿ? ಕೇಳಿದ್ದನ್ನು ನಂಬಬೇಡಿ, ಹಿಂದೆ ಯಾರಿದ್ದಾರೆ ನೋಡಿ ಎಂದು ಕಲಿಸಿದವನು ನಾನು. ಅವರು ಚೆನ್ನಾಗಿ ಕಲಿತಿದ್ದಾರೆ. ಈಗ ಈ ಊರುಗಳಲ್ಲಿ ಯಾರಿಗೂ ಯಾರ ಮಾತೂ ನಿಜವಲ್ಲ. ಲಸಿಕೆಯ ಮಾತೂ, ಬ್ಯಾಂಕಿನ ಎಚ್ಚರಿಕೆಯೂ, ಮೋಸದ ಜಾಹೀರಾತೂ ಒಂದೇ ತಕ್ಕಡಿಯಲ್ಲಿ ಕೂತಿವೆ. ಸುದ್ದಿ ಓದುವಾಗ ನನಗೆ ಇವತ್ತೂ ಅನುಮಾನಗಳು ಬರುತ್ತವೆ. ಕೃತಕ ಬುದ್ಧಿಗೆ ಸುರಿಯುತ್ತಿರುವ ಬಂಡವಾಳದ ಬಗ್ಗೆ, ಅದರ ಹೆಸರಲ್ಲಿ ಕೆಲಸ ಕಳೆದುಕೊಳ್ಳುತ್ತಿರುವವರ ಬಗ್ಗೆ ಕೇಳಬೇಕಾದ್ದು ಬೇಕಾದಷ್ಟಿದೆ. ಯಾರಾದರೂ ಕೇಳಲೇಬೇಕು. ನಾನಲ್ಲ. ‘ಸ್ವಲ್ಪ ತಡೀರಿ’ ನಿಂತು ಹೋಗಿದೆ.

ನಾಗರತ್ನ ಅವರನ್ನು ಹುಡುಕಿಕೊಂಡು ಹೋದೆ. ಮಗಳ ಮನೆಯಲ್ಲಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ‘ಮಿಷಿನ್ನು ಸರಿಯಾಗೇ ಇತ್ತಾ ಹಂಗಾದ್ರೆ’ ಎಂದಷ್ಟೇ ಅಂದರು. ಆಮೇಲೆ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡರು. ಹಳೇಬೀಡಿನ ಖಾಲಿ ಕೋಣೆಯ ಬಾಗಿಲವರೆಗೆ ಬಂದು ವಾಪಸು ಹೋದವರ ಮುಖಗಳು ಅವರಿಗೆ ನೆನಪಾದವೇನೋ. ನಾನು ಕೇಳಲಿಲ್ಲ. ಚಂದ್ರಣ್ಣ ಒಬ್ಬರೇ ಅಲ್ಲ ಎಂಬುದು ನನಗೆ ಆ ಕೈ ನೋಡಿ ಗೊತ್ತಾಯಿತು. ಉಳಿದವರು ಯಾರು, ಎಲ್ಲಿದ್ದಾರೆ — ಅದು ನನಗೆ ಎಂದೂ ತಿಳಿಯುವುದಿಲ್ಲ.

ದನಿಯನ್ನು ನಂಬಲಿಲ್ಲವಾದ್ದರಿಂದ ಹೆಸರು ಹಾಕಿ ಬರೆಯುತ್ತಿದ್ದೇನೆ. ಇದನ್ನೂ ನೀವು ನಂಬದಿರಬಹುದು. ನನ್ನನ್ನು ನಂಬುವ ಅಗತ್ಯವೂ ಇಲ್ಲ. ಒಂದು ಮಾತನ್ನು ಮಾತ್ರ ನನ್ನಿಂದಲ್ಲ, ಯಾರಾದರೂ ಕಣ್ಣಿನ ಡಾಕ್ಟರಿಂದ ಕೇಳಿ ತಿಳಿದುಕೊಳ್ಳಿ. ನಿಮಗೆ ಸಕ್ಕರೆ ಕಾಯಿಲೆ ಇದ್ದರೆ, ನೋಟ ಚೆನ್ನಾಗಿರುವಾಗಲೇ ಹೋಗಿ ಕಣ್ಣಿನ ಹಿಂದಿನ ಪರದೆ ತೋರಿಸಿಕೊಳ್ಳಿ. ನನಗೂ ಆ ಕಾಯಿಲೆ ಇದೆ, ನಾನು ತೋರಿಸಿಕೊಂಡೆ, ನನಗೆ ಕಾಣುತ್ತಿದೆ.

ಆ ಯಂತ್ರದ ಬಗ್ಗೆ ಮಾತಾಡಿದ ಭಾನುವಾರ ನಾನು ಹೇಳಬೇಕಾಗಿದ್ದದ್ದು ಇಷ್ಟೇ.